ಈ ಚೀಲ ಯಾರದು? – ಮೀನಂಬಾಕ್ಕಂ ಕೇಳುವ ಪ್ರಶ್ನೆ

ವೇಲಚೇರಿ: ಕಳೆದ ವರ್ಷ ನನ್ನ ಶ್ರೀಮತಿ ಮಗಳ ಬಾಣಂತನಕ್ಕೆಂದು ಸಿಂಗಪುರಕ್ಕೆ ಹೊರಟಿದ್ದರು. ಹಿಂದಿನ ದಿನ ಸಂಜೆ ಪರಿಚಯದ ಹಿರಿಯರೊಬ್ಬರು ಮನೆಗೆ ಬಂದು, ಬಿಳಿ ಬಟ್ಟೆಯಲ್ಲಿ ಸುತ್ತಿ ಅಚ್ಚುಕಟ್ಟಾಗಿ ಹೊಲಿದ ಪೊಟ್ಟಣವೊಂದನ್ನು ಕೈಗಿತ್ತರು. "ಮೊಮ್ಮಕ್ಕಳಿಗೆ ಸ್ವಲ್ಪ ತಿಂಡಿ ಅಮ್ಮಾ. ಮಗ ಅಲ್ಲಿ ನಿಲ್ದಾಣಕ್ಕೇ ಬಂದು ತೆಗೆದುಕೊಳ್ಳುತ್ತಾನೆ" ಎಂದರು. ಹಿರಿಯರು ಹೊಲಿದು ತಂದದ್ದನ್ನು ಅವರೆದುರೇ ಬಿಚ್ಚಿ ನೋಡುವುದು ಹೇಗೆ? ಪೊಟ್ಟಣ ಸೂಟ್‌ಕೇಸಿನ ತಳ ಸೇರಿತು.

ಮರುದಿನ ಮೀನಂಬಾಕ್ಕಂ ನಿಲ್ದಾಣದಲ್ಲಿ ಕೌಂಟರಿನ ಹುಡುಗಿ ಕೇಳಿದಳು: "ಈ ಪೆಟ್ಟಿಗೆ ನೀವೇ ತುಂಬಿದ್ದಾ? ಬೇರೆ ಯಾರಾದರೂ ಏನಾದರೂ ಕೊಟ್ಟಿದ್ದಾರಾ?" ಶ್ರೀಮತಿ ಒಂದು ಕ್ಷಣವೂ ಯೋಚಿಸದೆ "ನಾನೇ ತುಂಬಿದ್ದು, ಯಾರೂ ಏನೂ ಕೊಟ್ಟಿಲ್ಲ" ಎಂದುಬಿಟ್ಟರು. ಅರ್ಧ ಗಂಟೆಯೊಳಗೆ ಅವರ ಹೆಸರು ಹಿಡಿದು ಕರೆ ಬಂತು. ಪೆಟ್ಟಿಗೆ ತೆರೆಸಿದರು, ಹೊಲಿಗೆ ಬಿಚ್ಚಿಸಿದರು. ಕೋಡುಬಳೆಯ ಜೊತೆಗೆ ಒಣ ಕೊಬ್ಬರಿಯ ಗಿಟುಕುಗಳು, ಮೊಮ್ಮಗನಿಗೆಂದು ಕೊಂಡ ಪವರ್ ಬ್ಯಾಂಕ್. ಅವೆರಡನ್ನೂ ತೆಗೆದಿಟ್ಟು ಉಳಿದದ್ದನ್ನು ಬಿಟ್ಟರು. ಯಾರೂ ಗದರಲಿಲ್ಲ. ಎಲ್ಲರಿಗಿಂತ ಕೊನೆಯವರಾಗಿ ಓಡಿಹೋಗಿ ವಿಮಾನ ಹತ್ತಿದ ನನ್ನ ಶ್ರೀಮತಿ ರಾತ್ರಿ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಕೊಬ್ಬರಿ ಸಿಕ್ಕಿದ್ದಕ್ಕೆ ನಾಚಿಕೆಯಾಗಲಿಲ್ಲ. ಸುಳ್ಳು ಹೇಳಿದೆನಲ್ಲ, ಅದಕ್ಕೆ ನಾಚಿಕೆಯಾಯಿತು."

ಆ ಪ್ರಶ್ನೆ ಬರೀ ಶಾಸ್ತ್ರಕ್ಕೆ ಕೇಳುವಂಥದ್ದು ಎಂದೇ ನಾನೂ ಇಷ್ಟು ದಿನ ತಿಳಿದಿದ್ದೆ. ಅದರ ಹಿಂದೆ ನೂರಾರು ಜನರ ಸಾವಿದೆ. ಅದರಲ್ಲಿ ಒಂದು ದುರಂತ ನಡೆದದ್ದು ನಮ್ಮ ವೇಲಚೇರಿಗೆ ಕೂಗಳತೆಯ ಮೀನಂಬಾಕ್ಕಂನಲ್ಲೇ.

1984ರ ಆ ರಾತ್ರಿ

ಚೆನ್ನೈ ಇನ್ನೂ ಮದರಾಸು ಆಗಿದ್ದ ಕಾಲ. 1984ರ ಆಗಸ್ಟ್ 2ರಂದು ಕೊಲಂಬೊಗೆ ಹೊರಟಿದ್ದ ಏರ್ ಲಂಕಾ ವಿಮಾನಕ್ಕೆಂದು ಒಬ್ಬ ಪ್ರಯಾಣಿಕ ಸೂಟ್‌ಕೇಸುಗಳನ್ನು ಒಪ್ಪಿಸಿ, ತಾನು ಮಾತ್ರ ವಿಮಾನ ಹತ್ತಲಿಲ್ಲ. ಯಜಮಾನನಿಲ್ಲದ ಆ ಪೆಟ್ಟಿಗೆಗಳು ನಿಲ್ದಾಣದಲ್ಲೇ ಉಳಿದವು. ಬಾಂಬ್ ಇದೆ ಎಂಬ ಎಚ್ಚರಿಕೆಯ ದೂರವಾಣಿ ಕರೆಗಳೂ ಬಂದವು. ಆದರೂ ಪೆಟ್ಟಿಗೆಗಳು ಜನರಿದ್ದ ಕಟ್ಟಡದಿಂದ ಹೊರಗೆ ಹೋಗಲಿಲ್ಲ. ರಾತ್ರಿ ಹನ್ನೊಂದಾಗುವ ಮುನ್ನ ಅವು ಸಿಡಿದು ಸುಮಾರು 30 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಊರಿಗೆ ಹೋಗಲು ಕಾದು ಕುಳಿತಿದ್ದ ಶ್ರೀಲಂಕಾದವರು. ಇದರ ಹಿಂದೆ ಇದ್ದದ್ದು ಶ್ರೀಲಂಕಾದ ತಮಿಳು ಉಗ್ರಗಾಮಿ ಗುಂಪು.

ಬ್ಯಾಂಕಿನ ಗುಮಾಸ್ತನಾದ ನನಗೆ ಈ ಘಟನೆ ಅರ್ಥವಾಗುವುದು ನನ್ನ ಕೆಲಸದ ಭಾಷೆಯಲ್ಲೇ. ಸಂಜೆ ಲೆಕ್ಕ ತಾಳೆಯಾಗದಿದ್ದರೆ ನಾವು ಮನೆಗೆ ಹೋಗುವಂತಿಲ್ಲ. ಅಂದು ಮೀನಂಬಾಕ್ಕಂನಲ್ಲಿ ಅರ್ಧ ತಾಳೆ ನಡೆದಿತ್ತು. ಚೀಲ ಇದೆ, ಜನ ಇಲ್ಲ ಎಂಬುದು ಗೊತ್ತಾಗಿತ್ತು. ಹಾಗೆ ಉಳಿದ ಚೀಲವನ್ನು ಎಲ್ಲಿಡಬೇಕು, ಜನರನ್ನು ಎಷ್ಟು ಬೇಗ ತೆರವು ಮಾಡಬೇಕು ಎಂಬ ಇನ್ನರ್ಧ ಮಾತ್ರ ನಡೆಯಲಿಲ್ಲ. ಇಂದು ಅನುಮಾನದ ಚೀಲ ಕಂಡರೆ ಸುತ್ತ ಹಗ್ಗ ಕಟ್ಟಿ ಜನರನ್ನು ದೂರ ಸರಿಸುವುದು, ಬಾಂಬ್ ನಿಷ್ಕ್ರಿಯ ದಳವನ್ನು ಕರೆಸುವುದು, ಚೀಲವನ್ನು ಪ್ರತ್ಯೇಕ ಜಾಗಕ್ಕೆ ಸಾಗಿಸುವುದು ಈ ಇನ್ನರ್ಧದ ಕೆಲಸವೇ.

ಕನಿಷ್ಕ ದುರಂತ

ಮೀನಂಬಾಕ್ಕಂ ಸ್ಫೋಟವಾಗಿ ವರ್ಷ ತುಂಬುವ ಮೊದಲೇ, 1985ರ ಜೂನ್ 23ರಂದು, ಏರ್ ಇಂಡಿಯಾದ 'ಕನಿಷ್ಕ' ವಿಮಾನ ಐರ್ಲೆಂಡಿನ ಬಳಿ ಆಕಾಶದಲ್ಲೇ ಸಿಡಿದು ಅಟ್ಲಾಂಟಿಕ್ ಸಾಗರಕ್ಕೆ ಬಿತ್ತು. ಅದರಲ್ಲಿದ್ದ 329 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಅಲ್ಲೂ ಕಥೆ ಅದೇ. ಕೆನಡಾದ ವ್ಯಾಂಕೂವರಿನಲ್ಲಿ ಒಬ್ಬ ತನ್ನ ಪೆಟ್ಟಿಗೆ ಮುಂದಿನ ಏರ್ ಇಂಡಿಯಾ ವಿಮಾನಕ್ಕೂ ನೇರವಾಗಿ ಹೋಗಲೇಬೇಕೆಂದು ಹಟ ಹಿಡಿದ. ಸೀಟು ಖಚಿತವಾಗಿರದಿದ್ದರೂ ಸಿಬ್ಬಂದಿ ಕೊನೆಗೆ ಒಪ್ಪಿಕೊಂಡರು. ಪೆಟ್ಟಿಗೆ ಹೋಯಿತು, ಅವನು ಹೋಗಲಿಲ್ಲ. ಟೊರೊಂಟೊದಲ್ಲಿ ಚೀಲ ನೋಡುವ ಎಕ್ಸ್‌ರೇ ಯಂತ್ರ ಅಂದು ನಡುವೆ ಕೆಟ್ಟು ನಿಂತಿತು. ಉಳಿದ ಚೀಲಗಳನ್ನು ಕೈಯಲ್ಲಿ ಹಿಡಿಯುವ ಒಂದು ಸಣ್ಣ ಉಪಕರಣದಿಂದ ನೋಡಿ ಕಳಿಸಿದರು.

ಯಂತ್ರ ಕೆಡಬಹುದು. ಆದರೆ 'ಈ ಪೆಟ್ಟಿಗೆಯ ಯಜಮಾನ ಎಲ್ಲಿ?' ಎಂದು ಯಾರಾದರೂ ಪಟ್ಟುಹಿಡಿದು ಕೇಳಿದ್ದರೆ ಅಷ್ಟು ಸಂಸಾರಗಳು ಉಳಿಯುತ್ತಿದ್ದವು. ಈ ದುರಂತದ ಬಳಿಕ, ಪ್ರಯಾಣಿಕ ಹತ್ತದಿದ್ದರೆ ಅವನ ಚೀಲವೂ ಹೋಗಬಾರದು ಎಂಬ ನಿಯಮ ಅಂತರರಾಷ್ಟ್ರೀಯ ಮಟ್ಟದಲ್ಲಿ ಬಿಗಿಯಾಯಿತು. ಭಾರತದಲ್ಲಿ 1978ರಿಂದ ಒಂದು ಸಣ್ಣ ಘಟಕವಾಗಿದ್ದ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ 1987ರ ಏಪ್ರಿಲ್ 1ರಿಂದ ಸ್ವತಂತ್ರ ಇಲಾಖೆಯಾಯಿತು.

ಬೆರಳು ತೋರಿಸಿದ ಕಾಲದಿಂದ ಬಾರ್‌ಕೋಡಿಗೆ

ಹಿಂದೆ ವಿಮಾನದಲ್ಲಿ ಓಡಾಡಿದ ಹಿರಿಯರಿಗೆ ನೆನಪಿರಬಹುದು. ವಿಮಾನದ ಪಕ್ಕದಲ್ಲಿ ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟಿರುತ್ತಿದ್ದರು. ಪ್ರತಿಯೊಬ್ಬರೂ ಬಿಸಿಲಿನಲ್ಲಿ ನಿಂತು ತಮ್ಮ ಪೆಟ್ಟಿಗೆಯನ್ನು ಬೆರಳು ಮಾಡಿ ತೋರಿಸಿದ ಮೇಲೆಯೇ ಅದು ಒಳಗೆ ಹೋಗುತ್ತಿತ್ತು. ಯಾರೂ ತೋರಿಸದ ಪೆಟ್ಟಿಗೆ ಹೊರಗೇ ಉಳಿಯುತ್ತಿತ್ತು. ಕಂಪ್ಯೂಟರ್ ಇಲ್ಲದ ಕಾಲದ ತಾಳೆ ಪುಸ್ತಕ ಅದು.

ಈಗ ಆ ಬೆರಳಿನ ಕೆಲಸವನ್ನು ಚೀಲಕ್ಕೆ ಅಂಟಿಸುವ ಕಾಗದದ ಪಟ್ಟಿ ಮಾಡುತ್ತದೆ. ಅದರ ಮೇಲಿನ 10 ಅಂಕಿಯ ಸಂಖ್ಯೆ ಪ್ರಯಾಣಿಕನ ಹೆಸರಿಗೆ ಕಂಪ್ಯೂಟರಿನಲ್ಲಿ ಜೋಡಣೆಯಾಗಿರುತ್ತದೆ. ಚೀಲ ಏರಿಸುವಾಗ ಬಾರ್‌ಕೋಡ್ ಓದಿಸಿದರೆ, ಆ ಪ್ರಯಾಣಿಕ ಹತ್ತಿದ್ದಾನೋ ಇಲ್ಲವೋ ಎಂಬುದು ತಿಳಿಯುತ್ತದೆ. ಹತ್ತದಿದ್ದರೆ ಆ ಚೀಲವನ್ನು ಹುಡುಕಿ ಇಳಿಸಬೇಕು. ವಿಮಾನ ತಡವಾದಾಗ "ಯಾರೋ ಒಬ್ಬರ ಚೀಲ ಇಳಿಸುತ್ತಿದ್ದಾರಂತೆ" ಎಂದು ನಾವು ಗೊಣಗುತ್ತೇವೆ. ಆ ಹದಿನೈದು ನಿಮಿಷ ನಮ್ಮ ಜೀವದ ಲೆಕ್ಕ ತಾಳೆಯಾಗುತ್ತಿರುವ ಸಮಯ ಎಂಬುದು ನೆನಪಿರಲಿ.

ಯಂತ್ರ ಏನು ನೋಡುತ್ತದೆ?

ನಿಲ್ದಾಣದ ಎಕ್ಸ್‌ರೇ ಯಂತ್ರ ಎರಡು ಬಗೆಯ ಶಕ್ತಿಯ ಕಿರಣಗಳಿಂದ ವಸ್ತುವಿನ ಗುಣವನ್ನು ಅಂದಾಜು ಮಾಡಿ ಪರದೆಯ ಮೇಲೆ ಬಣ್ಣ ಕೊಡುತ್ತದೆ. ಕಬ್ಬಿಣ, ಉಕ್ಕು ನೀಲಿ. ಅಲ್ಯೂಮಿನಿಯಂನಂತಹ ಹಗುರ ವಸ್ತುಗಳು ಹಸಿರು. ಆಹಾರ, ಬಟ್ಟೆ, ಪ್ಲಾಸ್ಟಿಕ್ ಕಿತ್ತಳೆ. ತೊಡಕಿರುವುದು ಇಲ್ಲೇ. ಹೆಚ್ಚಿನ ಸ್ಫೋಟಕಗಳೂ ಅದೇ ಕಿತ್ತಳೆ ಬಣ್ಣದಲ್ಲಿ ಕಾಣುತ್ತವೆ. ನಾವು ಒತ್ತಿ ಒತ್ತಿ ತುಂಬುವ ಹುಳಿಪುಡಿ, ಚಟ್ನಿಪುಡಿ, ಮೈಸೂರು ಪಾಕಿನ ಡಬ್ಬ ಪರದೆಯ ಮೇಲೆ ದಟ್ಟ ಕಿತ್ತಳೆಯ ಗಟ್ಟಿಯಾಗಿ ಕಂಡಾಗ ಸಿಬ್ಬಂದಿ ಅದನ್ನು ತೆರೆಸಿದರೆ ಅದು ನಮ್ಮ ಅಡುಗೆಗೆ ಮಾಡಿದ ಅವಮಾನವಲ್ಲ.

1988ರ ಡಿಸೆಂಬರ್ 21ರಂದು ಸ್ಕಾಟ್ಲೆಂಡಿನ ಲಾಕರ್‌ಬಿ ಊರಿನ ಮೇಲೆ ಪಾನ್ ಆಮ್ ವಿಮಾನ ಸಿಡಿದು 270 ಜನ ಸತ್ತಾಗ, ಬಾಂಬ್ ಇದ್ದದ್ದು ಒಂದು ರೇಡಿಯೊ ಕ್ಯಾಸೆಟ್ ಪ್ಲೇಯರಿನೊಳಗೆ. ಇಂಥದ್ದನ್ನು ಹಿಡಿಯಲು ಆಸ್ಪತ್ರೆಯ ಸಿಟಿ ಸ್ಕ್ಯಾನ್ ತಂತ್ರವನ್ನೇ ಚೀಲಗಳಿಗೂ ತಂದರು. ಅದು ಚೀಲವನ್ನು ಸುತ್ತಲಿನಿಂದ ನೋಡಿ, ಒಳಗಿನ ಒಂದೊಂದು ವಸ್ತುವಿನ ಸಾಂದ್ರತೆಯನ್ನು ಲೆಕ್ಕ ಹಾಕುತ್ತದೆ. ಇನ್ನೂ ಅನುಮಾನವಿದ್ದರೆ ಸಣ್ಣ ಪಟ್ಟಿಯಿಂದ ಚೀಲವನ್ನು ಒರೆಸಿ ಇನ್ನೊಂದು ಯಂತ್ರಕ್ಕೆ ಕೊಡುತ್ತಾರೆ. ಕಣ್ಣಿಗೆ ಕಾಣದಷ್ಟು ಸ್ಫೋಟಕದ ಅಂಶವಿದ್ದರೂ ಅದು ಬಿಸಿ ಮಾಡಿ ಪತ್ತೆ ಹಚ್ಚುತ್ತದೆ.

ವಿಮಾನದ ಒಳಗೆ

1999ರ ಡಿಸೆಂಬರ್ 24ರಂದು ಕಠ್ಮಂಡುವಿನಿಂದ ದೆಹಲಿಗೆ ಹೊರಟ ಇಂಡಿಯನ್ ಏರ್‌ಲೈನ್ಸ್ ವಿಮಾನ ಅಪಹರಣವಾಗಿ ಕಂದಹಾರ್ ತಲುಪಿದ್ದನ್ನು ಯಾರೂ ಮರೆತಿಲ್ಲ. ಅದಾದ ನಂತರ, 2000ದಲ್ಲಿ ಜೈಪುರದಿಂದ ಆರಂಭಿಸಿ, ನಿಲ್ದಾಣಗಳ ಕಾವಲು ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ ಕೈಗೆ ಬಂತು. 2001ರಲ್ಲಿ ಅಮೆರಿಕದಲ್ಲಿ ನಡೆದ ದಾಳಿಯ ನಂತರ ಪೈಲಟ್ ಕೋಣೆಯ ಬಾಗಿಲು ಗುಂಡಿಗೂ ಜಗ್ಗದಂತೆ ಗಟ್ಟಿಯಾಯಿತು. ದೊಡ್ಡ ಪ್ರಯಾಣಿಕ ವಿಮಾನಗಳಿಗೆ 2003ರ ನವೆಂಬರಿನಿಂದ ಇದು ಅಂತರರಾಷ್ಟ್ರೀಯ ನಿಯಮ. ಕೈಚೀಲದ ದ್ರವಕ್ಕೆ 100 ಮಿಲಿಲೀಟರಿನ ಮಿತಿ ಬಂದದ್ದು, 2006ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ದ್ರವ ಸ್ಫೋಟಕದ ಸಂಚು ಬಯಲಾದ ಮೇಲೆ. ಯಾವ ನಿಯಮವೂ ಸುಮ್ಮನೆ ಹುಟ್ಟಿಲ್ಲ.

ನಮ್ಮ ಪೊಟ್ಟಣಗಳ ವಿಚಾರ

ನಮ್ಮವರ ಮಕ್ಕಳು ಈಗ ಹೊರದೇಶಗಳಲ್ಲಿದ್ದಾರೆ. ಯಾರಾದರೂ ಹೊರಡುತ್ತಾರೆಂದು ಸಂಘದಲ್ಲಿ ಸುದ್ದಿ ಹಬ್ಬಿದರೆ ಸಾಕು, ನಾಲ್ಕು ಮನೆಯ ಪೊಟ್ಟಣಗಳು ಬಂದು ಕೂರುತ್ತವೆ. ಕೊಡುವವರದು ಪ್ರೀತಿ, ಒಯ್ಯುವವರದು ದಾಕ್ಷಿಣ್ಯ. ಈ ಪದ್ಧತಿ ನಿಲ್ಲಬೇಕೆಂದು ನಾನು ಹೇಳುತ್ತಿಲ್ಲ. ಅದಕ್ಕೊಂದು ಕ್ರಮವಿರಲಿ ಎಂಬುದಷ್ಟೇ ನನ್ನ ವಿನಂತಿ.

ಕೊಡುವವರು ಹೊಲಿದು, ಅಂಟಿಸಿ ಕೊಡಬೇಡಿ. ಒಯ್ಯುವವರ ಎದುರಿಗೇ ತೆರೆದು ತೋರಿಸಿ. ಒಣ ಕೊಬ್ಬರಿ ಬೇಡವೇ ಬೇಡ. ಎಣ್ಣೆಯ ಅಂಶ ಹೆಚ್ಚಿರುವುದರಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿ ಅದಿದೆ; ತಿಪಟೂರಿನದಾದರೂ ವಿನಾಯಿತಿ ಇಲ್ಲ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಅದರ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಕ್ಯಾಬಿನ್ನಿನಲ್ಲಿ ಕಣ್ಣಿಗೆ ಕಾಣುತ್ತದೆ, ನಂದಿಸಬಹುದು. ಸಾಮಾನಿನ ಗೂಡಿನಲ್ಲಾದರೆ ಕೂಡಲೇ ಯಾರ ಕೈಗೂ ಸಿಗುವುದಿಲ್ಲ. ಒಯ್ಯುವವರು, ಒಳಗೇನಿದೆ ಎಂದು ಗೊತ್ತಿಲ್ಲದ ಪೊಟ್ಟಣವನ್ನು ಎಷ್ಟೇ ಹತ್ತಿರದವರು ಕೊಟ್ಟರೂ ತೆಗೆದುಕೊಳ್ಳಬೇಡಿ. ನಿಲ್ದಾಣದೊಳಗೆ ಅಪರಿಚಿತರು "ನನ್ನ ಚೀಲ ಸ್ವಲ್ಪ ನಿಮ್ಮ ಹೆಸರಿಗೆ ಹಾಕಿಸಿ" ಎಂದರೆ ಕೈ ಮುಗಿದು ದೂರ ಸರಿಯಿರಿ.

ಮುಖ್ಯವಾಗಿ, ಕೌಂಟರಿನಲ್ಲಿ ಆ ಪ್ರಶ್ನೆ ಕೇಳಿದಾಗ ನಿಜ ಹೇಳಿ. ಬೇರೆಯವರು ಕೊಟ್ಟದ್ದಿದ್ದರೆ ಹೌದೆನ್ನಿ. ಹೆಚ್ಚೆಂದರೆ ಪೆಟ್ಟಿಗೆ ತೆರೆಸಿ ನೋಡುತ್ತಾರೆ. ಯಂತ್ರ ಚೀಲದೊಳಗೆ ಏನಿದೆ ಎಂದು ತೋರಿಸಬಹುದು. ಅದು ಯಾರ ಕೈಯಿಂದ ಬಂತು ಎಂದು ಹೇಳಬೇಕಾದವರು ನಾವು.

ಸಿಂಗಪುರದಿಂದ ಮರಳಿದ ವಾರದಲ್ಲೇ ನನ್ನ ಶ್ರೀಮತಿ ಆ ಹಿರಿಯರ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದರು. ಅವರು ನೊಂದುಕೊಂಡರಾದರೂ ಬೇಸರಿಸಲಿಲ್ಲ. ಕಳೆದ ತಿಂಗಳು ಇನ್ನೊಬ್ಬರು ಹೊರಟಾಗ ಅವರೇ ಒಂದು ತೆರೆದ ಡಬ್ಬ, ಅದರ ಮೇಲೆ ಒಂದು ಚೀಟಿ ಕೊಟ್ಟರು. ಕೋಡುಬಳೆ ಇಷ್ಟು, ಚಕ್ಕುಲಿ ಇಷ್ಟು, ಕೊಟ್ಟವರ ಹೆಸರು, ಪಡೆಯುವವರ ಹೆಸರು. ನಮ್ಮ ಬ್ಯಾಂಕಿನ ಚಲನ್ನಿಗಿಂತ ಸ್ಪಷ್ಟವಾಗಿತ್ತು.