ಸರ್ವರ್ ಬದಲಾದಾಗ ಕಾವಲು ಕಳೆದುಕೊಳ್ಳುವ ಕಡತಗಳು

ವೆಬ್‌ಸೈಟಿನ ಚಿತ್ರ, ಪಿಡಿಎಫ್‌ಗಳನ್ನು ಸರ್ವರ್ ಇದ್ದ ಹಾಗೇ ಕಳಿಸುತ್ತದೆ. ಪಿಎಚ್‌ಪಿ ಕಡತವನ್ನು ಹಾಗೆ ಕಳಿಸುವಂತಿಲ್ಲ. ಅದರೊಳಗಿನ ಕೋಡನ್ನು ಓಡಿಸಿ, ಸಿದ್ಧವಾದ ಪುಟವನ್ನಷ್ಟೇ ಓದುಗರಿಗೆ ಕೊಡಬೇಕು. ಯಾವ ಕಡತ ಓಡಬೇಕು, ಯಾವುದು ಓಡಬಾರದು ಎಂಬ ನಿಯಮಗಳು ಸರ್ವರಿನಲ್ಲಿರುತ್ತವೆ. ಹಳೆಯ ಸೈಟನ್ನು ಅಪಾಚೆ ಎಂಬ ಸರ್ವರ್ ತಂತ್ರಾಂಶದಿಂದ ಎಂಜಿನ್‌ಎಕ್ಸ್ ಎಂಬ ಇನ್ನೊಂದಕ್ಕೆ ಸಾಗಿಸುವಾಗ ಅತಿ ಹೆಚ್ಚು ಎಚ್ಚರ ಬೇಕಾದದ್ದು ಈ ನಿಯಮಗಳ ಬಗ್ಗೆಯೇ.

1995ರಿಂದ ಬಳಕೆಯಲ್ಲಿರುವ ಅಪಾಚೆಯಲ್ಲಿ ಯಾವ ಫೋಲ್ಡರಿಗೆ ಬೇಕಾದರೂ '.ಎಚ್‌ಟಿಆಕ್ಸೆಸ್' ಎಂಬ ಪುಟ್ಟ ಕಡತ ಹಾಕಿ ಆ ಫೋಲ್ಡರಿನ ಮಟ್ಟಿಗೆ ಬೇರೆ ನಿಯಮ ಮಾಡಬಹುದು. ಇಗೊರ್ ಸಿಸೊಯೆವ್ 2004ರಲ್ಲಿ ಬಿಡುಗಡೆ ಮಾಡಿದ ಎಂಜಿನ್‌ಎಕ್ಸ್ ಈ ಕಡತವನ್ನು ಓದುವುದೇ ಇಲ್ಲ. 'ಈ ಫೋಲ್ಡರಿಗೆ ಯಾರಿಗೂ ಪ್ರವೇಶವಿಲ್ಲ' ಎಂಬ ಸಾಲು ಅದರಲ್ಲಿದ್ದರೆ, ಹೊಸ ಸರ್ವರಿನಲ್ಲಿ ಆ ಫೋಲ್ಡರ್ ಸದ್ದಿಲ್ಲದೆ ತೆರೆದುಕೊಳ್ಳುತ್ತದೆ. ಸೈಟು ಚೆನ್ನಾಗಿಯೇ ನಡೆಯುತ್ತಿರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಕೆಟ್ಟು ನಿಂತ ಪುಟಕ್ಕಿಂತ ಇದು ಹೆಚ್ಚು ಅಪಾಯಕಾರಿ.

ಹಳೆಯ ಸೈಟುಗಳಲ್ಲಿ '.ಎಚ್‌ಟಿಎಂಎಲ್' ಕಡತಗಳನ್ನೂ ಪಿಎಚ್‌ಪಿಯಾಗಿ ಓಡಿಸುವ ರೂಢಿಯಿತ್ತು. ಅಪಾಚೆಯಲ್ಲಿ ಅದಕ್ಕೆ ಒಂದೇ ಸಾಲು ಸಾಕು. ಆ ಸಾಲು ಹೊಸ ಜಾಗಕ್ಕೆ ಬರದಿದ್ದರೆ ಕೋಡು ಓಡುವ ಬದಲು ಇದ್ದಂತೆಯೇ ಹೊರಬೀಳುತ್ತದೆ. ಒಳಗೆ ಡೇಟಾಬೇಸಿನ ಪಾಸ್‌ವರ್ಡ್ ಇದ್ದರೆ ಅದೂ ಬಯಲಾಗುತ್ತದೆ.

ಎಂಜಿನ್‌ಎಕ್ಸ್ ತಾನಾಗಿ ಪಿಎಚ್‌ಪಿ ಓಡಿಸುವುದಿಲ್ಲ. ಪಿಎಚ್‌ಪಿ-ಎಫ್‌ಪಿಎಂ ಎಂಬ ಪ್ರತ್ಯೇಕ ತಂತ್ರಾಂಶಕ್ಕೆ ದಾಟಿಸುತ್ತದೆ. ಈ ದಾಟಿನಲ್ಲೇ ಒಂದು ಹಳೆಯ ಕಂಡಿಯಿದೆ. ಯಾರೋ 'ಹೂ.ಜೆಪಿಜಿ' ಎಂಬ ಚಿತ್ರದೊಳಗೆ ಕೋಡು ಅಡಗಿಸಿ ಸೈಟಿಗೆ ಏರಿಸುತ್ತಾರೆ, ಆಮೇಲೆ 'ಹೂ.ಜೆಪಿಜಿ/ಎ.ಪಿಎಚ್‌ಪಿ' ಎಂಬ ವಿಳಾಸ ಕೇಳುತ್ತಾರೆ ಎನ್ನೋಣ. ಕೊನೆಯಲ್ಲಿ '.ಪಿಎಚ್‌ಪಿ' ಕಂಡ ಎಂಜಿನ್‌ಎಕ್ಸ್ ಅದನ್ನು ದಾಟಿಸುತ್ತದೆ. ಅಂಥ ಕಡತ ಸಿಗದ ಪಿಎಚ್‌ಪಿ, ವಿಳಾಸದಲ್ಲಿ ಒಂದು ಹೆಜ್ಜೆ ಹಿಂದೆ ಸರಿದು ಚಿತ್ರವನ್ನೇ ಓಡಿಸಿಬಿಡುತ್ತದೆ. 2012ರಲ್ಲಿ ಬಂದ ಪಿಎಚ್‌ಪಿಯ 5.3.9 ಆವೃತ್ತಿ, ಓಡಿಸಬಹುದಾದ ಕಡತ-ವಿಧಗಳ ಪಟ್ಟಿ ಕೊಟ್ಟು ಈ ಕಂಡಿಯನ್ನು ಮುಚ್ಚಿತು. ಆದರೆ '.ಎಚ್‌ಟಿಎಂಎಲ್' ಓಡುತ್ತಿಲ್ಲವೆಂದು ಆ ಪಟ್ಟಿಯನ್ನೇ ಖಾಲಿ ಮಾಡುವವರಿದ್ದಾರೆ. ಕಂಡಿ ಮತ್ತೆ ತೆರೆಯುತ್ತದೆ! ಪಟ್ಟಿಗೆ '.ಎಚ್‌ಟಿಎಂಎಲ್' ಒಂದನ್ನೇ ಸೇರಿಸಿ, ಕಡತ ನಿಜಕ್ಕೂ ಇದ್ದರೆ ಮಾತ್ರ ದಾಟಿಸು ಎಂದು ಎಂಜಿನ್‌ಎಕ್ಸ್‌ಗೆ ಹೇಳುವುದು ಸರಿಯಾದ ದಾರಿ.

ಸ್ಥಳಾಂತರ ಮುಗಿದ ಮೇಲೆ ಎಲ್ಲರೂ ಮುಖಪುಟ ತೆರೆದು ನೋಡುತ್ತಾರೆ. ತೆರೆಯಬಾರದ ವಿಳಾಸಗಳನ್ನೂ ಬ್ರೌಸರಿನಲ್ಲಿ ಒಂದೊಂದಾಗಿ ಟೈಪಿಸಿ ನೋಡಬೇಕು: ಬ್ಯಾಕಪ್ ಕಡತ, ಸಂರಚನೆಯ ಕಡತ, ಚಿತ್ರ ಏರಿಸುವ ಫೋಲ್ಡರು, ಆ '.ಎಚ್‌ಟಿಆಕ್ಸೆಸ್' ಕೂಡ.