ಮುದ್ದೆಯೂ ಮೈತೂಕವೂ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ತಾಲ್ಲೂಕುಗಳ ಸೀಮೆಯು ಹೆಬ್ಬಂಡೆಗಳ ಸೀಮೆ. ಬಂಡೆಗಳ ನಡುವಣ ಕೆಮ್ಮಣ್ಣಿನ ಹೊಲಗಳು ಬಹುಮಟ್ಟಿಗೆ ಮಳೆಯನ್ನೇ ನಂಬಿದವು. ಇಂತಹ ನೆಲಕ್ಕೆ ಒಗ್ಗಿದ ಧಾನ್ಯವೆಂದರೆ ರಾಗಿ. ಇಲ್ಲಿನ ರೈತರು ರಾಗಿಯ ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆಗಳನ್ನು ಅಕ್ಕಡಿ ಸಾಲುಗಳಾಗಿ ಬಿತ್ತುವುದು ಪೂರ್ವಿಕರಿಂದ ಬಂದ ಪದ್ಧತಿ. ಹೊಲದಲ್ಲಿ ಜೊತೆಯಾಗಿ ಬೆಳೆದ ಧಾನ್ಯವೂ ಕಾಳೂ ತಣಿಗೆಯಲ್ಲಿಯೂ ಜೊತೆಯಾಗಿಯೇ ಬರುತ್ತಿದ್ದವು. ಮುದ್ದೆಯ ಪಕ್ಕದಲ್ಲಿ ಅವರೆಕಾಳಿನ ಸಾರು, ಇಲ್ಲವೇ ಹುರುಳಿಕಟ್ಟು, ಇಲ್ಲವೇ ಹೊಲದ ಬದುವಿನಲ್ಲಿ ಕಿತ್ತುತಂದ ಸೊಪ್ಪಿನ ಮಸ್ಸೊಪ್ಪು.

ರಾಗಿ ತಿಂದವನು ನಿರೋಗಿ ಎಂಬ ಮಾತು ಈ ಸೀಮೆಯಲ್ಲಿ ಮನೆಮಾತು. ಕನಕದಾಸರು ತಮ್ಮ ‘ರಾಮಧಾನ್ಯ ಚರಿತ್ರೆ’ಯಲ್ಲಿ ಭತ್ತಕ್ಕೂ ರಾಗಿಗೂ ವಾದ ಹೂಡಿಸಿ, ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿ, ಕೊನೆಗೆ ರಾಗಿಯನ್ನೇ ಗೆಲ್ಲಿಸಿದರು. ಕೆಡದೆ ಉಳಿಯುವ ಗುಣವೇ ಅಲ್ಲಿ ರಾಗಿಯ ಗೆಲುವಿಗೆ ಕಾರಣ. ಆದರೆ ಇಂದು ಇದೇ ರಾಗಿಯ ನಾಡಿನಲ್ಲಿ ಹೊಟ್ಟೆ ಬೆಳೆದವರೂ ಸಕ್ಕರೆ ಕಾಯಿಲೆಗೆ ಗುಳಿಗೆ ನುಂಗುವವರೂ ಊರೂರಿನಲ್ಲಿ ಕಾಣುತ್ತಾರೆ. ಅಜ್ಜನನ್ನು ಗಟ್ಟಿಮುಟ್ಟಾಗಿ ಇಟ್ಟಿದ್ದ ಮುದ್ದೆಯು ಮೊಮ್ಮಗನನ್ನು ಏಕೆ ಕಾಪಾಡಲಿಲ್ಲ? ಮುದ್ದೆಯನ್ನು ಬಿಟ್ಟರೆ ಅಥವಾ ಕಡಿಮೆ ಮಾಡಿದರೆ ಮೈ ಇಳಿಯುವುದೆ? ಇಳಿದ ಮೈ ಹಾಗೆಯೇ ನಿಲ್ಲುವುದೆ?

ನಾವು ತಿನ್ನುವ ಆಹಾರದಲ್ಲಿ ಶಕ್ತಿಯನ್ನು ಕೊಡುವ ಅಂಶಗಳು ಮುಖ್ಯವಾಗಿ ಮೂರು: ಶರ್ಕರಪಿಷ್ಟ, ಸಸಾರಜನಕ ಮತ್ತು ಕೊಬ್ಬು. ಒಂದು ಗ್ರಾಂ ಶರ್ಕರಪಿಷ್ಟದಿಂದಲೂ ಒಂದು ಗ್ರಾಂ ಸಸಾರಜನಕದಿಂದಲೂ ಸುಮಾರು 4 ಕ್ಯಾಲೊರಿ ಶಕ್ತಿ ದೊರೆತರೆ, ಒಂದು ಗ್ರಾಂ ಕೊಬ್ಬಿನಿಂದ 9 ಕ್ಯಾಲೊರಿ ದೊರೆಯುತ್ತದೆ. ಅಕ್ಕಿ, ರಾಗಿ, ಗೋಧಿ, ಬೆಲ್ಲ, ಸಕ್ಕರೆ, ಗೆಣಸುಗಳಲ್ಲಿ ಶರ್ಕರಪಿಷ್ಟವೇ ಪ್ರಧಾನ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಕೋಷ್ಟಕಗಳ ಪ್ರಕಾರ, 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಶರ್ಕರಪಿಷ್ಟವೂ 7 ಗ್ರಾಂ ಸಸಾರಜನಕವೂ 11 ಗ್ರಾಂ ನಾರೂ ಇದ್ದು, ಒಟ್ಟು 320 ಕ್ಯಾಲೊರಿ ಶಕ್ತಿ ಇದೆ. ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ 78 ಗ್ರಾಂ ಶರ್ಕರಪಿಷ್ಟವೂ 3 ಗ್ರಾಮಿಗೂ ಕಡಿಮೆ ನಾರೂ 356 ಕ್ಯಾಲೊರಿಯೂ ಇವೆ. ಸುಣ್ಣಾಂಶದಲ್ಲಂತೂ ರಾಗಿಗೆ ಅಕ್ಕಿ ಸರಿದೊರೆಯೇ ಅಲ್ಲ: ರಾಗಿಯಲ್ಲಿ 364 ಮಿಲಿಗ್ರಾಂ, ಅಕ್ಕಿಯಲ್ಲಿ 8 ಮಿಲಿಗ್ರಾಮಿಗೂ ಕಡಿಮೆ.

ಈ ಅಂಕಿಗಳನ್ನು ಸಾವಧಾನವಾಗಿ ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಎಲುಬಿನ ಬಲಕ್ಕೆ, ಹೊಟ್ಟೆ ತುಂಬಿದ ತೃಪ್ತಿಗೆ ರಾಗಿ ನಿಶ್ಚಯವಾಗಿಯೂ ಮೇಲು. ಆದರೆ ಶಕ್ತಿಯ ಲೆಕ್ಕದಲ್ಲಿ ರಾಗಿಗೂ ಅಕ್ಕಿಗೂ ಇರುವ ಅಂತರ ಹತ್ತರಲ್ಲೊಂದು ಪಾಲು ಮಾತ್ರ. ಅನ್ನವನ್ನು ಬಿಟ್ಟು ಮುದ್ದೆ ಹಿಡಿದೆ, ಇನ್ನು ತೂಕ ತಾನಾಗಿ ಇಳಿಯುತ್ತದೆ ಎಂದು ಎರಡು ದೊಡ್ಡ ಮುದ್ದೆ ನುಂಗಿ ನಿಶ್ಚಿಂತನಾಗುವವನು ತನ್ನನ್ನು ತಾನೇ ವಂಚಿಸಿಕೊಳ್ಳುತ್ತಾನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಎಲ್ಲ ರಾಜ್ಯಗಳಲ್ಲಿ ನಡೆಸಿ, 2025ರಲ್ಲಿ ಫಲಿತಾಂಶ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿತು. ನಮ್ಮ ದೇಶದ ಜನ ಸರಾಸರಿಯಾಗಿ ತಮ್ಮ ಶಕ್ತಿಯ ಶೇಕಡ 62ರಷ್ಟನ್ನು ಶರ್ಕರಪಿಷ್ಟದಿಂದಲೇ ಪಡೆಯುತ್ತಾರೆ. ಒಟ್ಟು ಪ್ರಮಾಣವನ್ನು ತಗ್ಗಿಸದೆ ಬಿಳಿ ಅಕ್ಕಿಯ ಬದಲು ಸಿರಿಧಾನ್ಯದ ಹಿಟ್ಟನ್ನು ತಿಂದರೆ ಸಕ್ಕರೆ ಕಾಯಿಲೆಯ ಅಪಾಯ ಕಡಿಮೆಯಾದಂತೆ ಅಲ್ಲಿ ಕಂಡುಬರಲಿಲ್ಲ. ಆ ಶರ್ಕರಪಿಷ್ಟದ ಒಂದು ಪಾಲನ್ನು ಕಾಳು, ಹಾಲು, ಮೊಸರುಗಳ ಸಸಾರಜನಕಕ್ಕೆ ಬಿಟ್ಟುಕೊಟ್ಟಾಗ ಅಪಾಯ ತಗ್ಗಿದ್ದು ಕಂಡಿತು.

ಹಾಗಾದರೆ ಅಜ್ಜನ ಗುಟ್ಟೇನು? ಅಜ್ಜ ನೊಗ ಕಟ್ಟಿ ಉತ್ತವನು, ಕಪಿಲೆ ಹೊಡೆದವನು, ಮಾಗಡಿಯ ಸಂತೆಗೆ ನಡೆದೇ ಹೋಗಿಬಂದವನು. 2020ರಲ್ಲಿ ನಿಗದಿಯಾದ ಪ್ರಮಾಣಗಳ ಪ್ರಕಾರ, 65 ಕಿಲೋ ತೂಕದ ಗಂಡಸು ಕಠಿಣವಾದ ದೈಹಿಕ ಶ್ರಮ ಮಾಡಿದರೆ ದಿನಕ್ಕೆ 3470 ಕ್ಯಾಲೊರಿ ಬೇಕು. ಕುಳಿತು ಕೆಲಸ ಮಾಡಿದರೆ 2110 ಸಾಕು. ಹೆಂಗಸರಲ್ಲಿ ಈ ಸಂಖ್ಯೆಗಳು ಕ್ರಮವಾಗಿ 2720 ಮತ್ತು 1660. ಗಂಡಸರ ಲೆಕ್ಕದಲ್ಲಿ ಅಂತರ 1360 ಕ್ಯಾಲೊರಿ. ಒಂದು ಮುದ್ದೆಗೆ 100 ಗ್ರಾಂ ಹಿಟ್ಟು ಬಿದ್ದಿತೆಂದು ಇಟ್ಟುಕೊಂಡರೆ ಇದು ನಾಲ್ಕು ಮುದ್ದೆಗಳಿಗಿಂತಲೂ ಹೆಚ್ಚು! ಮೊಮ್ಮಗ ಬಿಡದಿಯ ಕಾರ್ಖಾನೆಯಲ್ಲಿ ಯಂತ್ರದ ಮುಂದೆ ನಿಲ್ಲುತ್ತಾನೆ, ಅಥವಾ ಬೆಂಗಳೂರಿನ ಕಚೇರಿಯಲ್ಲಿ ಕುರ್ಚಿಯ ಮೇಲೆ ಕೂರುತ್ತಾನೆ. ದಾರಿಯಲ್ಲಿ ಬಿಡದಿಯ ತಟ್ಟೆ ಇಡ್ಲಿ, ಹತ್ತು ಗಂಟೆಗೆ ಸಕ್ಕರೆ ಹಾಕಿದ ಕಾಫಿ, ಸಂಜೆಗೆ ಬೇಕರಿಯ ತಿಂಡಿ, ರಾತ್ರಿ ಅಜ್ಜನ ಅಳತೆಯ ಮುದ್ದೆ, ಅದರ ಮೇಲೆ ಅನ್ನ. ದುಡಿಮೆ ಕುಗ್ಗಿದರೂ ತಣಿಗೆ ಕುಗ್ಗಲಿಲ್ಲ.

ಮಿಕ್ಕ ಶಕ್ತಿಯನ್ನು ದೇಹ ಎಸೆಯುವುದಿಲ್ಲ. ಶರ್ಕರಪಿಷ್ಟವು ಜೀರ್ಣವಾಗಿ ಗ್ಲೂಕೋಸ್ ಆಗುತ್ತದೆ. ಅದು ರಕ್ತಕ್ಕೆ ಸೇರಿದೊಡನೆ ಮೇದೋಜೀರಕಾಂಗವು ಇನ್ಸುಲಿನ್ ಎಂಬ ರಸವನ್ನು ಸ್ರವಿಸುತ್ತದೆ. ಇನ್ಸುಲಿನ್ನಿನ ನೆರವಿನಿಂದ ಗ್ಲೂಕೋಸ್ ಜೀವಕೋಶಗಳನ್ನು ಹೊಕ್ಕು ಉರಿಯುತ್ತದೆ. ಉಳಿದುದರಲ್ಲಿ ಸ್ವಲ್ಪ ಭಾಗ ಗ್ಲೈಕೋಜನ್ ಎಂಬ ರೂಪದಲ್ಲಿ ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಶೇಖರವಾಗುತ್ತದೆ. ಈ ಕಣಜ ಚಿಕ್ಕದು, ಎಲ್ಲ ಸೇರಿ ಸುಮಾರು ಅರ್ಧ ಕಿಲೋ. ಕಣಜ ತುಂಬಿದ ಮೇಲೆ ಮಿಗುವ ಶಕ್ತಿಯೆಲ್ಲ ಕೊಬ್ಬಾಗಿ ಉಳಿಯುತ್ತದೆ, ಆ ಕಣಜಕ್ಕೆ ಮಾತ್ರ ಮುಚ್ಚಳವೇ ಇಲ್ಲ. ಭಾರತೀಯರಲ್ಲಿ ಈ ಕೊಬ್ಬು ಹೊಟ್ಟೆಯ ಸುತ್ತ ಸೇರುವುದು ಹೆಚ್ಚು. ಆದಕಾರಣ ಗಂಡಸರ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರದು 80 ಸೆಂಟಿಮೀಟರ್ ಮೀರಿದರೆ ಎಚ್ಚರ ವಹಿಸಬೇಕೆಂದು ನಮ್ಮ ವೈದ್ಯರು ಹೇಳುತ್ತಾರೆ.

ಶರ್ಕರಪಿಷ್ಟವನ್ನು ತಗ್ಗಿಸಿ ಮೈ ಇಳಿಸುವ ಉಪಾಯ ಹೊಸದೇನೂ ಅಲ್ಲ. ಲಂಡನ್ನಿನಲ್ಲಿ ವಿಲಿಯಂ ಬ್ಯಾಂಟಿಂಗ್ ಎಂಬವನಿದ್ದ. ಶವಸಂಸ್ಕಾರದ ಏರ್ಪಾಡು ಮಾಡುವುದು ಅವನ ಕಸುಬು. ಅವನು ಎಷ್ಟು ದಪ್ಪನಾಗಿದ್ದನೆಂದರೆ ಬಗ್ಗಿ ತನ್ನ ಬೂಟಿನ ದಾರ ಕಟ್ಟಿಕೊಳ್ಳಲಾರ. ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯಬೇಕಾಗಿತ್ತು. ಕಿವಿ ಮಂದವಾಯಿತೆಂದು ವಿಲಿಯಂ ಹಾರ್ವೆ ಎಂಬ ವೈದ್ಯನಲ್ಲಿಗೆ ಹೋದಾಗ, ಆತ ಕಿವಿಯ ಔಷಧದ ಬದಲು ಬ್ರೆಡ್ಡು, ಸಕ್ಕರೆ, ಬಿಯರ್, ಆಲೂಗಡ್ಡೆಗಳನ್ನು ಬಿಡುವಂತೆ ಹೇಳಿದ. 1862ರಲ್ಲಿ 202 ಪೌಂಡು ತೂಗುತ್ತಿದ್ದ ಬ್ಯಾಂಟಿಂಗ್ ಒಂದು ವರ್ಷದಲ್ಲಿ 46 ಪೌಂಡು, ಅಂದರೆ ಸುಮಾರು 21 ಕಿಲೋ ಇಳಿದು, 1863ರಲ್ಲಿ ಆ ಅನುಭವವನ್ನು ಕಿರುಹೊತ್ತಗೆಯಾಗಿ ಅಚ್ಚುಹಾಕಿಸಿದ. ಅದು ಎಷ್ಟು ಪ್ರಸಿದ್ಧವಾಯಿತೆಂದರೆ ಪಥ್ಯ ಮಾಡುವುದಕ್ಕೆ ಇಂಗ್ಲಿಷಿನಲ್ಲಿ ಅವನ ಹೆಸರೇ ಕ್ರಿಯಾಪದವಾಯಿತು. 1972ರಲ್ಲಿ ಅಮೆರಿಕದ ವೈದ್ಯ ರಾಬರ್ಟ್ ಆಟ್‌ಕಿನ್ಸ್ ಬರೆದ ಪುಸ್ತಕದಿಂದ ಅದೇ ಪಥ್ಯ ಮತ್ತೊಮ್ಮೆ ಲೋಕಪ್ರಸಿದ್ಧವಾಯಿತು.

ಈ ಪಥ್ಯ ಹಿಡಿದ ಮೊದಲ ವಾರದಲ್ಲಿಯೇ ಎರಡು ಕಿಲೋ ಇಳಿದೆನೆಂದು ಹಿಗ್ಗುವವರುಂಟು. ಇದರ ಮರ್ಮ ಬೇರೆ. ಗ್ಲೈಕೋಜನ್ನಿನ ಪ್ರತಿಯೊಂದು ಗ್ರಾಮೂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿರುತ್ತದೆ. ಶರ್ಕರಪಿಷ್ಟ ನಿಂತಾಗ ಆ ಚಿಕ್ಕ ಕಣಜ ಖಾಲಿಯಾಗುತ್ತದೆ, ನೀರೂ ಹೊರಟುಹೋಗುತ್ತದೆ. ಆಗ ಇಳಿದುದರಲ್ಲಿ ಹೆಚ್ಚಿನದು ನೀರೇ ಹೊರತು ಕೊಬ್ಬಲ್ಲ. ಹಬ್ಬಕ್ಕೆ ಒಬ್ಬಟ್ಟು ತಿಂದ ಮರುದಿನ ಅದು ಹಿಂದಿರುಗುತ್ತದೆ. ಕೊಬ್ಬು ಕರಗುವುದು ಅನಂತರ, ಮೆಲ್ಲಮೆಲ್ಲನೆ. ಅದೂ ಒಟ್ಟು ಶಕ್ತಿಯ ಸೇವನೆ ವೆಚ್ಚಕ್ಕಿಂತ ಕಡಿಮೆಯಾಗಿದ್ದರೆ ಮಾತ್ರ. ಕಾಳು, ಮೊಟ್ಟೆ, ಮೊಸರುಗಳ ಸಸಾರಜನಕವು ಹಸಿವನ್ನು ಹೆಚ್ಚುಹೊತ್ತು ತಡೆಯುವುದರಿಂದ ಊಟ ತಾನಾಗಿ ಕಡಿಮೆಯಾಗುತ್ತದೆ. ಈ ಪಥ್ಯದ ಸಾಮರ್ಥ್ಯದ ಬಹುಭಾಗ ಇಲ್ಲಿಯೇ ಅಡಗಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು 609 ಜನರನ್ನು ಎರಡು ಪಂಗಡ ಮಾಡಿ, ಒಂದು ಪಂಗಡಕ್ಕೆ ಶರ್ಕರಪಿಷ್ಟವನ್ನೂ ಇನ್ನೊಂದಕ್ಕೆ ಕೊಬ್ಬನ್ನೂ ತಗ್ಗಿಸಿ, ಒಂದು ವರ್ಷ ಪರೀಕ್ಷಿಸಿ 2018ರಲ್ಲಿ ಫಲವನ್ನು ಪ್ರಕಟಿಸಿದರು. ಮೊದಲನೆಯವರು ಸರಾಸರಿ 6 ಕಿಲೋ, ಎರಡನೆಯವರು 5.3 ಕಿಲೋ ಇಳಿದಿದ್ದರು. ಈ ಅಂತರವನ್ನು ವಿಜ್ಞಾನಿಗಳು ಗಣನೀಯವೆಂದು ಭಾವಿಸಲಿಲ್ಲ. ಎರಡು ಪಂಗಡಗಳಲ್ಲಿಯೂ ಬಹಳ ಇಳಿದವರಿದ್ದರು, ಇಳಿಯುವ ಬದಲು ಏರಿದವರೂ ಇದ್ದರು.

ಇಳಿಸುವುದು ಒಂದು ಕಷ್ಟವಾದರೆ ನಿಲ್ಲಿಸಿಕೊಳ್ಳುವುದು ಅದಕ್ಕಿಂತ ದೊಡ್ಡ ಕಷ್ಟ. ಮೈ ಇಳಿದಾಗ ದೇಹವು ಅದನ್ನು ಬರಗಾಲವೆಂದೇ ತಿಳಿಯುತ್ತದೆ. ಹಗುರವಾದ ಮೈಗೆ ಬೇಕಾಗುವ ಶಕ್ತಿ ಕಡಿಮೆ. ಜೊತೆಗೆ, ತೃಪ್ತಿಯನ್ನು ಸೂಚಿಸುವ ಲೆಪ್ಟಿನ್ ಎಂಬ ರಸ ಕುಗ್ಗಿ, ಹಸಿವನ್ನು ಕೆರಳಿಸುವ ಗ್ರೆಲಿನ್ ಹೆಚ್ಚುತ್ತದೆ. ತೂಕ ಇಳಿಸಿದ 50 ಜನರನ್ನು ಮೆಲ್ಬರ್ನಿನ ವಿಜ್ಞಾನಿಗಳು ಪರೀಕ್ಷಿಸಿದಾಗ ಈ ವ್ಯತ್ಯಾಸ ಒಂದು ವರ್ಷದ ಅನಂತರವೂ ಉಳಿದಿದ್ದುದು 2011ರಲ್ಲಿ ಪ್ರಕಟವಾಯಿತು. ಆದ್ದರಿಂದ, ಮತ್ತೆ ದಪ್ಪಗಾದವನನ್ನು ಬಾಯಿಚಪಲದವನೆಂದು ಹಳಿಯುವುದು ಅನ್ಯಾಯ. ಅವನು ಸೋತದ್ದು ನಾಲಿಗೆಗೆ ಮಾತ್ರವಲ್ಲ, ತನ್ನ ರಕ್ತದಲ್ಲಿಯೇ ಹರಿಯುವ ಹಸಿವಿಗೆ. ಹಾಗೆಂದು ಗೆದ್ದವರಿಲ್ಲವೆಂದಲ್ಲ. 13 ಕಿಲೋಗಿಂತ ಹೆಚ್ಚು ಇಳಿಸಿ, ಒಂದು ವರ್ಷವಾದರೂ ಅದನ್ನು ಉಳಿಸಿಕೊಂಡವರ ದಾಖಲೆಯನ್ನು ಅಮೆರಿಕದಲ್ಲಿ 1994ರಿಂದ ಇಡಲಾಗಿದೆ. ಅವರಲ್ಲಿ ಹೆಚ್ಚಿನವರು ಬೆಳಗಿನ ಉಪಾಹಾರವನ್ನು ಬಿಡುವುದಿಲ್ಲ, ವಾರಕ್ಕೊಮ್ಮೆಯಾದರೂ ತೂಕ ನೋಡಿಕೊಳ್ಳುತ್ತಾರೆ, ಸರಾಸರಿ ದಿನಕ್ಕೆ ಒಂದು ಗಂಟೆ ನಡಿಗೆಯನ್ನೋ ಬೇರೆ ವ್ಯಾಯಾಮವನ್ನೋ ಮಾಡುತ್ತಾರೆ.

ನಮ್ಮ ಸೀಮೆಯವರು ಈ ಪಥ್ಯವನ್ನು ಹೇಗೆ ಹಿಡಿದಾರು? ದಿನಕ್ಕೆ 130 ಗ್ರಾಮಿಗಿಂತ ಕಡಿಮೆ ಶರ್ಕರಪಿಷ್ಟ ತಿಂದರೆ ಅದನ್ನು ಅಲ್ಪ ಶರ್ಕರಪಿಷ್ಟದ ಆಹಾರವೆನ್ನುವುದು ರೂಢಿ. ಕಟ್ಟುನಿಟ್ಟಿನವರು 50 ಗ್ರಾಮಿಗೇ ನಿಲ್ಲುತ್ತಾರೆ. 50 ಗ್ರಾಂ ಎಂದರೆ ಮುಕ್ಕಾಲು ಮುದ್ದೆ! ಕಾಳನ್ನೇ ನಂಬಿದವರಿಗೆ ಇದು ಅಸಾಧ್ಯವೆಂದೇ ಹೇಳಬೇಕು. ಏಕೆಂದರೆ 100 ಗ್ರಾಂ ಹುರುಳಿಯಲ್ಲಿ 22 ಗ್ರಾಂ ಸಸಾರಜನಕವಿದ್ದರೂ 57 ಗ್ರಾಂ ಶರ್ಕರಪಿಷ್ಟವೂ ಇದೆ. ಅಷ್ಟು ದೂರ ಹೋಗಬೇಕಾದ ಅಗತ್ಯವೂ ಕಾಣುವುದಿಲ್ಲ. ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರ ಮಾರ್ಗದರ್ಶಿಯಲ್ಲಿ ಧಾನ್ಯಗಳಿಂದ ಬರುವ ಶಕ್ತಿ ಶೇಕಡ 45ನ್ನು ಮೀರದಿರಲಿ ಎಂದಿದೆ. ಕುಳಿತು ದುಡಿಯುವ ಗಂಡಸಿಗೆ ಇದು ದಿನಕ್ಕೆ ಮೂರು ಮುದ್ದೆಗೆ ಸ್ವಲ್ಪ ಕಡಿಮೆ. ಬೆಳಗಿನ ಇಡ್ಲಿ, ರಾತ್ರಿಯ ಅನ್ನ ಎಲ್ಲವೂ ಈ ಲೆಕ್ಕದೊಳಗೇ ಸೇರಬೇಕು. ಮೈ ಇಳಿಸಬೇಕಾದವನು ಇನ್ನೂ ಕೆಳಗೆ ಇಳಿಯಬೇಕು; ಅವನು ಮೊದಲು ಬಿಡಬೇಕಾದುದು ಸಕ್ಕರೆ ಮತ್ತು ಬೇಕರಿಯ ತಿಂಡಿ, ಆಮೇಲೆ ಮುದ್ದೆಯ ಮೇಲಣ ಅನ್ನ.

ನಮ್ಮ ಅಡುಗೆಯಲ್ಲಿ ಇದಕ್ಕೆ ಹೇಳಿಮಾಡಿಸಿದಂತಹ ವಿಧಾನವೊಂದುಂಟು, ಬಸ್ಸಾರು. ಕಾಳನ್ನೂ ಸೊಪ್ಪನ್ನೂ ಬೇಯಿಸಿ ಬಸಿದು, ಬಸಿದ ಕಟ್ಟನ್ನು ಸಾರು ಮಾಡಿ, ಉಳಿದ ಕಾಳುಸೊಪ್ಪನ್ನು ಒಗ್ಗರಣೆ ಹಾಕಿ ಪಲ್ಯ ಮಾಡುತ್ತಾರೆ. ರೂಢಿಯಲ್ಲಿ ದೊಡ್ಡ ಮುದ್ದೆಯ ಪಕ್ಕದಲ್ಲಿ ಪಲ್ಯ ಒಂದು ಹಿಡಿ ಇರುತ್ತದೆ. ಈ ಅಳತೆಯನ್ನು ತಿರುವುಮುರುವು ಮಾಡಿ, ಪಲ್ಯವನ್ನೇ ತಣಿಗೆಯ ಅರ್ಧಕ್ಕೆ ಬಡಿಸಿಕೊಂಡು, ಮುದ್ದೆಯನ್ನು ನಿಂಬೆಯ ಗಾತ್ರಕ್ಕಲ್ಲದಿದ್ದರೂ ಕಿತ್ತಳೆಯ ಗಾತ್ರಕ್ಕೆ ಇಳಿಸಿದರೆ ಪಥ್ಯದ ಮುಕ್ಕಾಲುಪಾಲು ಆದಂತೆಯೇ. ಪಲ್ಯಕ್ಕೆ ಒಂದು ಮೊಟ್ಟೆಯೋ ಬಟ್ಟಲು ಮೊಸರೋ ಜೊತೆಯಾದರೆ ಇನ್ನೂ ಒಳ್ಳೆಯದು.

ಈ ಮಾತು ವಯಸ್ಕರಿಗೆ ಮಾತ್ರ. ಬೆಳೆಯುವ ವಯಸ್ಸಿನ ನೀವು ಮುದ್ದೆ ಅನ್ನಗಳನ್ನು ಬಿಟ್ಟು ಮೈ ಇಳಿಸಲು ಹೊರಡಬಾರದು. ಎಲುಬು ಸ್ನಾಯುಗಳು ಬಲಿಯುವ ಈ ಕಾಲದಲ್ಲಿ ರಾಗಿಯ ಸುಣ್ಣಾಂಶ ನಿಮಗೆ ಬೇಕೇ ಬೇಕು. ಗರ್ಭಿಣಿಯರೂ ಮೂತ್ರಪಿಂಡದ ಕಾಯಿಲೆಯವರೂ ವೈದ್ಯರನ್ನು ಕೇಳದೆ ಇಂತಹ ಪಥ್ಯಕ್ಕೆ ಕೈಹಾಕಕೂಡದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಳ್ಳುವವರು ಔಷಧದ ಅಳತೆ ಬದಲಿಸದೆ ಒಮ್ಮೆಲೇ ಊಟ ತಗ್ಗಿಸಿದರೆ ರಕ್ತದಲ್ಲಿ ಗ್ಲೂಕೋಸ್ ಕುಸಿದು ಪ್ರಜ್ಞೆ ತಪ್ಪುವ ಅಪಾಯವಿದೆ.

ಪುಷ್ಯ ಮಾಸದ ಚಳಿಯಲ್ಲಿ ಮಾಗಡಿಯ ಸೊಗಡವರೆ ಮೂಟೆಮೂಟೆಯಾಗಿ ಬೆಂಗಳೂರಿಗೆ ಹೋಗುತ್ತದೆ. ಅಲ್ಲಿ ಅದನ್ನು ಕೊಂಡು, ಹಿತುಕಿ, ಸಾರು ಮಾಡಿ ಉಣ್ಣುವವರಲ್ಲಿ ಇದೇ ತಾಲ್ಲೂಕುಗಳನ್ನು ಬಿಟ್ಟು ಹೋದ ಮೊಮ್ಮಕ್ಕಳೂ ಇದ್ದಾರೆ. ಆ ಎರಡು ತಿಂಗಳಾದರೂ ಅವರ ತಣಿಗೆಯಲ್ಲಿ ಕಾಳು ಮುದ್ದೆಗಿಂತ ಹೆಚ್ಚಾಗಿಯೇ ಇರುತ್ತದೆ.