ಬಸುರಿಗೆ ನೈಟ್ ಡ್ಯೂಟಿ

ಆಸ್ಪತ್ರೆಗೆ ಹಗಲೂ ಒಂದೇ, ರಾತ್ರಿಯೂ ಒಂದೇ. ನರ್ಸಮ್ಮ, ಆಯಾ ಪಾಳಿ ಮೇಲೆ ದುಡೀತಾರೆ. ಅವರಲ್ಲೂ ಬಸುರಿಯರು ಇರ್ತಾರೆ ಅಲ್ವೇ?

ಕತ್ತಲಾದರೆ ನಮ್ಮ ಮೈಯಲ್ಲಿ ಮೆಲಟೋನಿನ್ ಎಂಬ ರಸ ಊರುತ್ತದೆ. ಗರ್ಭ ನಿಲ್ಲಲು ಅದೂ ಬೇಕು ಎನ್ನುತ್ತಾರೆ ತಿಳಿದವರು. ರಾತ್ರಿಯೆಲ್ಲ ಲೈಟಿನ ಬೆಳಕಲ್ಲಿದ್ದರೆ ಅದು ಕಡಿಮೆಯಾಗುತ್ತದೆ.

ಡೆನ್ಮಾರ್ಕ್ ದೇಶದಲ್ಲಿ 22,744 ಬಸುರಿಯರ ಲೆಕ್ಕ ತೆಗೆದರು. ಹೆಚ್ಚಿನವರು ಆಸ್ಪತ್ರೆಯವರೇ. 2019ರಲ್ಲಿ ವರದಿ ಬಂತು. ಎಂಟು ವಾರ ದಾಟಿದ ಬಸುರಿ ಒಂದೇ ವಾರದಲ್ಲಿ ಎರಡೋ ಮೂರೋ ರಾತ್ರಿ ದುಡಿದರೆ, ಮರುವಾರ ಗರ್ಭ ಇಳಿದುಹೋಗುವ ಭಯ ಹೆಚ್ಚು. ರಾತ್ರಿ ದುಡಿಯದವರಲ್ಲಿ 100 ಗರ್ಭ ಹೋದರೆ, ಅಷ್ಟೇ ಮಂದಿ ರಾತ್ರಿಯವರಲ್ಲಿ 132. ಗಾಬರಿ ಬೇಡ, ಹೆಚ್ಚಿನವರಿಗೆ ಏನೂ ಆಗೋದಿಲ್ಲ.

ನಮ್ಮಲ್ಲಿ ಮೂರು ತಿಂಗಳು ತುಂಬೋವರೆಗೆ ಸುದ್ದಿ ಹೇಳೋದಿಲ್ಲ. ಊರಿಗೆ ಹೇಳಬೇಡಿ, ಸರಿ. ಡ್ಯೂಟಿ ಹಾಕುವವರಿಗೆ ಮಾತ್ರ ಮೊದಲೇ ಹೇಳಿ. ಕೇಳದಿದ್ದರೆ ಡಾಕ್ಟರ ಚೀಟಿ ಇಟ್ಟು ಅರ್ಜಿ ಕೊಡಿ. ಹೆಬ್ಬೆಟ್ಟು ಬೇಡ, ರುಜು ಹಾಕಿ.